ಗಾಡಿ ಎಳೆಯುತ್ತದೆ ಎಂದರೆ ಸಾಲದು, ಯಾವಾಗ ಎಂದೂ ಹೇಳಬೇಕು

ನಮ್ಮ ಕಡೆ ಕಾರು ಇಟ್ಟುಕೊಂಡವರ ಬಾಯಲ್ಲಿ ಮೇಲಿಂದ ಮೇಲೆ ಕೇಳುವ ಮಾತು ಒಂದಿದೆ: "ಗಾಡಿ ಎಡಕ್ಕ ಎಳಿತದ." ಕೇಳಿದವರು ಕೊಡುವ ಉತ್ತರವೂ ಒಂದೇ: "ಅಲೈನ್‌ಮೆಂಟ್ ಮಾಡಸ್ರಿ." ಮಾನ್ವಿ, ದೇವದುರ್ಗದವರು ಅದಕ್ಕಾಗಿ ರಾಯಚೂರಿಗೆ ಹೋಗಿ, ದುಡ್ಡು ಕೊಟ್ಟು, ಒಂದು ದಿನದ ಬಾಡಿಗೆ ಬಿಟ್ಟು ಬರುತ್ತಾರೆ. ಬಂದ ಮೇಲೂ ಗಾಡಿ ಎಳೆಯುತ್ತಲೇ ಇರುತ್ತದೆ.

ನನ್ನ ಅಣ್ಣನದೂ ಇದೇ ಕಥೆ. ಅವನದು ಸೆಕೆಂಡ್ ಹ್ಯಾಂಡ್ ಕಾರು. ಮಾನ್ವಿಯಿಂದ ರಾಯಚೂರಿಗೆ ಬಾಡಿಗೆ ಹೊಡೆಯುತ್ತಾನೆ. ಹೆಚ್ಚಿನವರು ಆಸ್ಪತ್ರೆಗೆ ಹೋಗುವವರೇ. ದಿನ ತುಂಬಿದ ಬಸುರಿ, ಎದೆನೋವು ಎಂದ ಮುದುಕ, ಜ್ವರ ಬಂದ ಕೂಸು. ಇಂಥವರನ್ನು ಹಿಂದೆ ಕೂರಿಸಿಕೊಂಡು, ಎಡಕ್ಕೆ ಜಗ್ಗುವ ಸ್ಟೇರಿಂಗನ್ನು ದಾರಿಯುದ್ದಕ್ಕೂ ಬಲಕ್ಕೆ ಹಿಡಿದುಕೊಂಡೇ ಓಡಿಸಬೇಕು. ಸಂಜೆ ಮನೆಗೆ ಬಂದರೆ ಭುಜ ನೋವು ಎಂದು ಅವ್ವನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

ಮೊದಲು ಒಂದು ಅಂಗಡಿಯಲ್ಲಿ ಅಲೈನ್‌ಮೆಂಟ್ ಆಯಿತು. ಎರಡು ದಿನಕ್ಕೆ ಮತ್ತೆ ಅದೇ. ಎರಡನೇ ಸಲ ಹೋದಾಗ "ಟೈರ್ ಹೋಗ್ಯಾವ" ಎಂದರು. ಮುಂದಿನ ಎರಡೂ ಹೊಸ ಟೈರ್ ಬಂದವು, ತಿಂಗಳ ದುಡಿಮೆಯಲ್ಲಿ ದೊಡ್ಡ ಪಾಲು ಹೋಯಿತು. ಗಾಡಿ ಮಾತ್ರ ಎಡಕ್ಕೇ ಜಗ್ಗಿತು.

ಒಂದು ದಿನ ದೇವದುರ್ಗಕ್ಕೆ ಬಾಡಿಗೆ ಇತ್ತು, ನಾನೂ ಜೊತೆಗಿದ್ದೆ. ಅಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಅವರು ಬಾನೆಟ್ ಎತ್ತಲಿಲ್ಲ, ಪಾನಾ ಹಿಡಿಯಲಿಲ್ಲ. ಮೊದಲು ಕೇಳಿದರು: "ತಮ್ಮಾ, ಯಾವಾಗ ಎಳಿತದ? ಹೊಂಟ ಕೂಡ್ಲೆ ಎಳಿತದೋ, ಒಂದಷ್ಟು ದೂರ ಓಡಿದ ಮ್ಯಾಲೆ ಎಳಿತದೋ?"

ಅಣ್ಣ ಸ್ವಲ್ಪ ಯೋಚಿಸಿದ. "ಮುಂಜಾನೆ ಮಾನ್ವಿ ಬಿಡೋವಾಗ ಏನೂ ಇರಂಗಿಲ್ಲ ಕಾಕಾ. ಕಲ್ಲೂರು ಬರೋದ್ರಾಗ ಶುರು ಆಗ್ತದ."

ಕಾಕಾ ಮುಂದಿನ ಎಡಗಾಲಿಯ ಹತ್ತಿರ ಅಂಗೈ ಹಿಂಭಾಗ ಹಿಡಿದರು, ಮುಟ್ಟಲಿಲ್ಲ. ಆಮೇಲೆ ಬಲಗಾಲಿಯ ಹತ್ತಿರ ಹಿಡಿದರು. ನನಗೂ ಹಿಡಿದು ನೋಡಲು ಹೇಳಿದರು. ಬಲಗಾಲಿ ಬೆಚ್ಚಗಿತ್ತು. ಎಡಗಾಲಿಯಿಂದ ಒಲೆಯ ಮುಂದೆ ಕೂತಂತೆ ಝಳ ಬರುತ್ತಿತ್ತು. ಜಾಕ್ ಏರಿಸಿ ತಿರುಗಿಸಿದರೆ ಬಲಗಾಲಿ ಸಲೀಸಾಗಿ ತಿರುಗಿತು, ಎಡಗಾಲಿ ಬಿಗಿಯಾಗಿ ನಿಂತಿತು. ಬಿಚ್ಚಿ ನೋಡಿದಾಗ ಬ್ರೇಕ್ ಕ್ಯಾಲಿಪರ್ ಜಾರುವ ಪಿನ್‌ಗಳಲ್ಲಿ ಗ್ರೀಸ್ ಒಣಗಿ, ತುಕ್ಕು ಹಿಡಿದಿತ್ತು. ಪೆಡಲ್‌ನಿಂದ ಕಾಲು ತೆಗೆದ ಮೇಲೂ ಬ್ರೇಕ್ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ಓಡಿದಷ್ಟೂ ಬಿಸಿ, ಬಿಸಿಯಾದಷ್ಟೂ ಹಿಡಿತ. ಎಡಗಾಲಿ ತಡೆದರೆ ಗಾಡಿ ಎಡಕ್ಕೆ ಎಳೆಯದೆ ಇನ್ನೇನು ಮಾಡೀತು?

ಅಲೈನ್‌ಮೆಂಟ್ ಮಷಿನ್ ಇದನ್ನು ಏಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಆ ಮಷಿನ್ ನಿಂತ ಗಾಡಿಯ ಗಾಲಿಗಳು ಯಾವ ಕೋನದಲ್ಲಿ ಇವೆ ಎಂದಷ್ಟೇ ಅಳೆಯುತ್ತದೆ. ಬ್ರೇಕ್ ಹಿಡಿದಿದೆಯೋ ಬಿಟ್ಟಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ.

ಪತ್ರಿಕೋದ್ಯಮ ಓದುವಾಗ ನಮಗೆ ಮೊದಲು ಕಲಿಸಿದ್ದು ಪ್ರಶ್ನೆ ಕೇಳುವುದನ್ನು: ಏನು, ಎಲ್ಲಿ, ಯಾವಾಗ, ಯಾರು, ಏಕೆ, ಹೇಗೆ. ಕಾಕಾನಿಗೆ ಆ ಪಾಠ ಗ್ಯಾರೇಜೇ ಕಲಿಸಿತ್ತು. ಅಂದಿನಿಂದ ನಾನು ಹಲವು ಮೆಕ್ಯಾನಿಕ್‌ಗಳ ಹತ್ತಿರ ಕೂತು ಕೇಳಿ ತಿಳಿದದ್ದನ್ನು ಖರ್ಚು ಕಡಿಮೆ ಇರುವುದರಿಂದ ಹೆಚ್ಚಿನದರ ಕಡೆಗೆ ಬರೆಯುತ್ತಿದ್ದೇನೆ.

ಮೊದಲು ರಸ್ತೆ ನೋಡಿ. ಮಳೆನೀರು ಹರಿದು ಹೋಗಲಿ ಎಂದು ರಸ್ತೆಯ ನಡುವೆ ಎತ್ತರ, ಅಂಚಿಗೆ ಇಳಿಜಾರು ಇಟ್ಟಿರುತ್ತಾರೆ. ನಾವು ಎಡಕ್ಕೆ ಓಡಿಸುವವರು, ಹಾಗಾಗಿ ಒಳ್ಳೆಯ ಗಾಡಿಯೂ ಸ್ವಲ್ಪ ಎಡಕ್ಕೆ ಸರಿಯುತ್ತದೆ. ನಮ್ಮ ಎರೆ ಭೂಮಿಯಂತೂ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಏರಿಳಿತವಾಗಿ, ಭತ್ತದ ಲಾರಿಗಳ ಭಾರಕ್ಕೆ ಅಂಚು ಕುಸಿದಿರುತ್ತದೆ. ಪರೀಕ್ಷೆ ಸುಲಭ. ಜನ, ದನ ಇಲ್ಲದ ಖಾಲಿ ಮೈದಾನದಲ್ಲಿ ನಿಧಾನಕ್ಕೆ ನೇರ ಓಡಿಸಿ, ಸ್ಟೇರಿಂಗ್ ಸಡಿಲ ಬಿಟ್ಟು ನೋಡಿ, ಕೈ ಹತ್ತಿರವೇ ಇರಲಿ. ಅದೇ ಗೆರೆಯಲ್ಲಿ ವಾಪಸ್ ಬನ್ನಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಸರಿದರೆ ನೆಲ ಇಳಿಜಾರು. ಎರಡೂ ಸಲ ಎಡಕ್ಕೇ ಸರಿದರೆ ದೋಷ ಗಾಡಿಯದು.

ಎರಡನೆಯದು ಗಾಳಿ. ಮುಂದಿನ ಎರಡು ಗಾಲಿಗಳಲ್ಲಿ ಯಾವುದರಲ್ಲಿ ಗಾಳಿ ಕಡಿಮೆಯೋ ಆ ಕಡೆಗೆ ಗಾಡಿ ಎಳೆಯುತ್ತದೆ. ಮುಂಜಾನೆ, ಓಡಿಸುವ ಮುಂಚೆ ಚೆಕ್ ಮಾಡಿಸಿ. ರಾಯಚೂರಿನ ಬಿಸಿಲಲ್ಲಿ ಓಡಿದ ಟೈರ್ ಬಿಸಿಯಾಗಿ ನಾಲ್ಕೈದು ಪಾಯಿಂಟ್ ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಬಿಟ್ಟರೆ ಮರುದಿನ ಗಾಳಿ ಸಾಲುವುದಿಲ್ಲ. ಬಿಸಿಲಿಗೆ ನಿಂತ ಬದಿಯ ಟೈರ್, ನೆರಳಿನ ಬದಿಯದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಎಷ್ಟು ಹಾಕಬೇಕು ಎಂಬುದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಇರುತ್ತದೆ.

ಮೂರನೆಯದು ಟೈರ್. ಹೊಸದು ಕೊಳ್ಳುವ ಮುಂಚೆ, ಪಂಕ್ಚರ್ ಅಂಗಡಿಯಲ್ಲಿ ಮುಂದಿನ ಎಡಗಾಲಿಯನ್ನು ಬಲಕ್ಕೆ, ಬಲಗಾಲಿಯನ್ನು ಎಡಕ್ಕೆ ಹಾಕಿಸಿ ಓಡಿಸಿ ನೋಡಿ. ಎಳೆತ ಬಲಕ್ಕೆ ತಿರುಗಿದರೆ, ಇಲ್ಲವೇ ನಿಂತುಹೋದರೆ ದೋಷ ಟೈರಿನದು. ಎಡಕ್ಕೇ ಎಳೆದರೆ ಟೈರ್ ದುಡ್ಡು ಉಳಿಯಿತು. ಟೈರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಮಾತ್ರ ಹೀಗೆ ಅದಲುಬದಲು ಮಾಡಬೇಡಿ.

ನಾಲ್ಕನೆಯದು ಬ್ರೇಕ್. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಹೋದರೆ, ಎಡಗಾಲಿ ಹೆಚ್ಚು ಹಿಡಿಯುತ್ತಿದೆ, ಇಲ್ಲವೇ ಬಲಗಾಲಿ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಅರ್ಥ. ಎರಡೂ ಕಡೆ ಬಿಚ್ಚಿ ನೋಡಲು ಹೇಳಿ. ಬ್ರೇಕ್ ಒತ್ತದೆಯೇ, ಒಂದಷ್ಟು ದೂರ ಓಡಿದ ಮೇಲೆ ಎಳೆದರೆ, ಕಾಕಾ ಮಾಡಿದ ಹಾಗೆ ಗಾಲಿಯ ಝಳ ನೋಡಿ. ಡಿಸ್ಕ್ ಮಾತ್ರ ಮುಟ್ಟಬೇಡಿ, ಕೈ ಸುಟ್ಟುಹೋಗುತ್ತದೆ.

ಐದನೆಯದು ಕೆಳಗಿನ ಜೋಡಣೆ. ತೆಗ್ಗಿನಲ್ಲಿ ಇಳಿದಾಗ ಕಟಕಟ ಸದ್ದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊಯ್ದಾಟ ಇದ್ದರೆ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಸವೆದಿರಬಹುದು. ಇವು ಸಡಿಲ ಇರುವಾಗ ಅಲೈನ್‌ಮೆಂಟ್ ಮಾಡಿಸಿದರೆ ಅದು ನಿಲ್ಲುವುದಿಲ್ಲ.

ಅಲೈನ್‌ಮೆಂಟ್ ಕೊನೆಗೆ. ಅದು ಬೇಡವಾದ ಕೆಲಸವಲ್ಲ. ದೊಡ್ಡ ತೆಗ್ಗಿಗೆ ಬಿದ್ದರೆ, ಕಲ್ಲಿಗೆ ಹೊಡೆದರೆ, ನೇರ ಓಡುವಾಗ ಸ್ಟೇರಿಂಗ್ ಸೊಟ್ಟಗೆ ನಿಂತರೆ, ಟೈರಿನ ಒಂದೇ ಅಂಚು ಸವೆದರೆ ಮಾಡಿಸಲೇಬೇಕು. ಮಾಡುವ ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಇನ್ನೊಂದು ಮಾತು ತಿಳಿದಿರಲಿ. ಎಷ್ಟೋ ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಗಳು ಒಳಕ್ಕೆ ಅಥವಾ ಹೊರಕ್ಕೆ ಮುಖ ಮಾಡಿರುವುದನ್ನು ಮಾತ್ರ ತಿದ್ದಬಹುದು. ಅದಕ್ಕೆ ಟೋ ಎನ್ನುತ್ತಾರೆ. ಗಾಲಿ ನಿಂತಲ್ಲೇ ವಾಲಿದ್ದರೆ ಅದು ಕ್ಯಾಂಬರ್. ಎಡ, ಬಲದ ಕ್ಯಾಂಬರ್‌ನಲ್ಲಿ ಬಹಳ ವ್ಯತ್ಯಾಸ ಬಂದಿದ್ದರೆ ಏನೋ ಬಾಗಿದೆ ಅಥವಾ ಸವೆದಿದೆ ಎಂದು ಅರ್ಥ. ಎಷ್ಟು ಸಲ ಮಷಿನ್ ಮೇಲೆ ನಿಲ್ಲಿಸಿದರೂ ಆ ಭಾಗ ಬದಲಿಸದೆ ಎಳೆತ ಹೋಗುವುದಿಲ್ಲ.

ಕೆಲವು ಲಕ್ಷಣ ಕಂಡರೆ ಪರೀಕ್ಷೆಯೂ ಬೇಡ, ಗಾಡಿ ನಿಲ್ಲಿಸಿ. ಒಮ್ಮೆಲೇ ಜೋರಾಗಿ ಎಳೆಯುವುದು, ಗಾಲಿಯಿಂದ ಸುಟ್ಟ ವಾಸನೆ ಬರುವುದು, ಬ್ರೇಕ್ ಪೆಡಲ್ ಮೆತ್ತಗಾಗುವುದು, ಟೈರಿನ ಬದಿ ಬಲೂನಿನಂತೆ ಉಬ್ಬುವುದು. ಹಿಡಿದುಕೊಂಡ ಬ್ರೇಕ್ ಅತಿಯಾಗಿ ಕಾದರೆ ಬ್ರೇಕ್ ಆಯಿಲ್ ಕುದಿಯುತ್ತದೆ, ಆಗ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಅವುಗಳ ದಂಡೆಯ ಮೇಲೆ, ತಡೆಗೋಡೆ ಇಲ್ಲದ ಕಡೆ, ಒಂದು ಮಾರು ಎಡಕ್ಕೆ ಹೋದರೆ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಗ್ಯಾರೇಜಿಗೆ ಹೋದಾಗ ಮೂರು ಮಾತು ಹೇಳಿ: ಯಾವ ಕಡೆ ಎಳೆಯುತ್ತದೆ, ಯಾವಾಗ ಎಳೆಯುತ್ತದೆ, ಅದಕ್ಕೆ ಮುಂಚೆ ಏನಾಗಿತ್ತು. ಹೊಸ ಟೈರ್ ಹಾಕಿದ್ದೋ, ತೆಗ್ಗಿಗೆ ಬಿದ್ದದ್ದೋ, ಗದ್ದೆಯ ಕೆಸರಿನಲ್ಲಿ ಇಳಿದದ್ದೋ. ಫೋನಿನಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಇದ್ಯಾವುದನ್ನೂ ಕೇಳದೆ ಟೈರ್ ಬದಲಿಸಲು ಹೊರಟವರಿಗೆ "ಮೊದಲು ಗಾಲಿ ಅದಲುಬದಲು ಮಾಡಿ ನೋಡ್ರಿ" ಎಂದು ನೀವೇ ಹೇಳಬಹುದು.