ಜಹಾಜಿನ ಮೇಲೆ ಜಹಾಜ್

ಈ ಸಂಚಿಕೆಗೆ ವಿಮಾನವಾಹಕ ನೌಕೆಯ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯರು, "ಅದು ಸೈನ್ಸ್‌ನವರ ವಿಷಯ, ನಿನಗ್ಯಾಕೆ?" ಎಂದು ನಕ್ಕರು. ನನಗೆ ಹಾಗೆ ಅನಿಸುವುದಿಲ್ಲ. ಇಷ್ಟು ದೊಡ್ಡ ಖರ್ಚಿನ ಲೆಕ್ಕ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಮನೆಯಲ್ಲಿ ಇದನ್ನು ವಿವರಿಸಲು ಹೋದಾಗ ಭಾಷೆಯೇ ತೊಡಕಾಯಿತು. ಉರ್ದುವಿನಲ್ಲಿ ಹಡಗೂ ಜಹಾಜ್, ವಿಮಾನವೂ ಹವಾಯಿ ಜಹಾಜ್. ಪುಸ್ತಕದ ಉರ್ದುವಿನಲ್ಲಿ 'ತಯ್ಯಾರಾ ಬರ್ದಾರ್ ಜಹಾಜ್' ಎಂಬ ಗಂಭೀರ ಹೆಸರಿದೆ. ಆದರೆ ನಮ್ಮ ಮನೆಯ ಉರ್ದು ಅಷ್ಟು ದೂರ ಹೋಗುವುದಿಲ್ಲ. ಕೊನೆಗೆ "ಜಹಾಜಿನ ಮೇಲೆ ಜಹಾಜ್ ಇಳಿಯುತ್ತೆ" ಎಂದೆ. ದಾದಿ, "ಯಾಕೆ, ನೆಲ ಇಲ್ವಾ?" ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆ ಅದೇ. ನೆಲ ಇದೆ, ಆದರೆ ದೂರ ಇದೆ. ಯುದ್ಧವಿಮಾನ ಎಷ್ಟೇ ಇಂಧನ ತುಂಬಿಸಿಕೊಂಡರೂ ಒಂದು ಮಿತಿಯವರೆಗೆ ಮಾತ್ರ ಹೋಗಿ ಬರಬಲ್ಲದು. ಇನ್ನೊಂದು ದೇಶದ ರನ್‌ವೇ ಬಳಸಬೇಕಾದರೆ ಆ ದೇಶ ಒಪ್ಪಬೇಕು. ತೆರೆದ ಸಮುದ್ರದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೇ ರನ್‌ವೇಯನ್ನೇ ಜೊತೆಗೆ ಒಯ್ಯುತ್ತಾರೆ. ನಮ್ಮ ದೇಶದ ವಿದೇಶಿ ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 95 ಶೇಕಡಾ ಸಾಗುವುದು ಸಮುದ್ರದ ಮೇಲೆ. ಆ ದಾರಿಯನ್ನು ಕಾಯುವ ವಿಷಯ ಕಾಮರ್ಸ್‌ನವರದ್ದಲ್ಲ ಎಂದರೆ ಹೇಗೆ?

ಇಳಿಯುವ ರೀತಿ ಮಾತ್ರ ನಂಬುವುದು ಕಷ್ಟ. ಕೊಚ್ಚಿಯಲ್ಲಿ ಕಟ್ಟಿದ ನಮ್ಮ ಐಎನ್‌ಎಸ್ ವಿಕ್ರಾಂತ್‌ನ ಉದ್ದ 262 ಮೀಟರ್. ವಿಮಾನ ನಿಲ್ಲಲು ಸಿಗುವ ಜಾಗ ಸುಮಾರು ನೂರು ಮೀಟರ್ ಅಷ್ಟೇ. ವಿಮಾನದ ಬಾಲದ ಕೆಳಗೆ ಒಂದು ಕೊಕ್ಕೆ ಇರುತ್ತದೆ. ಡೆಕ್ಕಿನ ಮೇಲೆ ಅಡ್ಡವಾಗಿ ಉಕ್ಕಿನ ಹಗ್ಗಗಳನ್ನು ಎಳೆದಿರುತ್ತಾರೆ. ಕೊಕ್ಕೆ ಆ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ವಿಮಾನ ಡೆಕ್ಕನ್ನು ಮುಟ್ಟಿದ ಕ್ಷಣ ಪೈಲಟ್ ವೇಗ ತಗ್ಗಿಸುವುದಿಲ್ಲ, ಎಂಜಿನ್ನನ್ನು ಪೂರ್ತಿ ಶಕ್ತಿಗೆ ಏರಿಸುತ್ತಾರೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಬೇಕಲ್ಲ! ಇದನ್ನು ಓದಿದ ಮೇಲೆ ಎರಡು ದಿನ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ನಿಲ್ಲಬೇಕಾದ ಹೊತ್ತಿನಲ್ಲಿ ಓಡಲು ಸಿದ್ಧವಾಗುವುದು.

ಏರುವುದಕ್ಕೆ ನಮ್ಮ ಹಡಗುಗಳ ಮುಂಭಾಗ ಜಾರುಬಂಡೆಯನ್ನು ತಿರುಗಿಸಿಟ್ಟಂತೆ ಮೇಲಕ್ಕೆ ಬಾಗಿದೆ. ವಿಮಾನ ಓಡಿ ಬಂದು ಅದರ ತುದಿಯಿಂದ ಗಾಳಿಗೆ ಜಿಗಿಯುತ್ತದೆ. ಅಮೆರಿಕದ ಹಡಗುಗಳಲ್ಲಿ ವಿಮಾನವನ್ನು ಕವಣೆಯಂತೆ ಎಸೆಯುವ ಯಂತ್ರ ಇರುವುದರಿಂದ ಹೆಚ್ಚು ಭಾರ ಹೊತ್ತು ಏರಬಹುದು. ನಮ್ಮಲ್ಲಿ ಆ ಅನುಕೂಲ ಇಲ್ಲ. ಇಂಧನ ಹೆಚ್ಚಿಸಿದರೆ ಆಯುಧ ಕಡಿಮೆ ಮಾಡಬೇಕು, ಆಯುಧ ಹೆಚ್ಚಿಸಿದರೆ ಇಂಧನ ಬಿಡಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ ವಿಕ್ರಾಂತ್‌ಗೆ ಆದ ಖರ್ಚು ಸುಮಾರು 20,000 ಕೋಟಿ ರೂಪಾಯಿ. ಇದನ್ನು ಕೇಳಿದ ಎಲ್ಲರೂ ಬಾಯಿ ತೆರೆಯುತ್ತಾರೆ. ಆದರೆ 2025ರಲ್ಲಿ ನೌಕಾಪಡೆಗೆಂದು 26 ರಫೇಲ್ ವಿಮಾನಗಳಿಗೆ ಫ್ರಾನ್ಸ್ ಜೊತೆ ಒಪ್ಪಂದ ಆಯಿತು. ಆಯುಧ, ತರಬೇತಿ, ಬಿಡಿಭಾಗ ಎಲ್ಲ ಸೇರಿ ಅದರ ಮೊತ್ತ ಸುಮಾರು 63,000 ಕೋಟಿ. ಹಡಗಿಗಿಂತ ಮೂರು ಪಟ್ಟು! ಅಷ್ಟಕ್ಕೇ ಮುಗಿಯಲಿಲ್ಲ. ಈ ಹಡಗು ಒಂಟಿಯಾಗಿ ಹೋಗುವುದಿಲ್ಲ. ಕ್ಷಿಪಣಿಯಿಂದ ಕಾಪಾಡಲು ಡೆಸ್ಟ್ರಾಯರ್‌ಗಳು, ಜಲಾಂತರ್ಗಾಮಿಯಿಂದ ಕಾಪಾಡಲು ಫ್ರಿಗೇಟ್‌ಗಳು, ಇಂಧನ ತುಂಬಲು ಟ್ಯಾಂಕರ್ ಹಡಗು, ಎಲ್ಲವೂ ಜೊತೆಗಿರಬೇಕು. ಒಂದು ಹಡಗು ದುರಸ್ತಿಗೆ ಹೋದಾಗ ಇನ್ನೊಂದು ಬೇಕು. ಅದಕ್ಕೇ ನೌಕಾಪಡೆ ಮೂರನೆಯದನ್ನು ಕೇಳುತ್ತಿದೆ. ಆ ಹಣಕ್ಕೆ ಜಲಾಂತರ್ಗಾಮಿಗಳೇ ಉತ್ತಮ ಎನ್ನುವವರೂ ಇದ್ದಾರೆ. ನಾವು ಓದುವ ಅವಕಾಶ ವೆಚ್ಚ ಎಂದರೆ ಇದೇ.

ಕಾರವಾರದಲ್ಲಿ ನೆಲೆ ಇರುವ ವಿಕ್ರಮಾದಿತ್ಯದ ಕಥೆ ಇನ್ನೂ ಸ್ವಾರಸ್ಯ. 2004ರಲ್ಲಿ ರಷ್ಯಾ ತನ್ನ ಹಳೆಯ ಹಡಗನ್ನು ಉಚಿತವಾಗಿ ಕೊಟ್ಟಿತು. ದುರಸ್ತಿಗೆ ಮಾತ್ರ 97.4 ಕೋಟಿ ಡಾಲರ್ ಎಂದು ಒಪ್ಪಂದ. 2013ರಲ್ಲಿ ಹಡಗು ನಮ್ಮ ಕೈ ಸೇರುವ ಹೊತ್ತಿಗೆ ಬೆಲೆ 235 ಕೋಟಿ ಡಾಲರ್ ಆಗಿತ್ತು. ಉಚಿತ ಎಂಬ ಬೋರ್ಡು ಕಂಡಾಗಲೆಲ್ಲ ನನಗೆ ಈ ಹಡಗು ನೆನಪಾಗುತ್ತದೆ.

ಕಾರವಾರದ ಲೆಕ್ಕದಲ್ಲಿ ಡಾಲರಿಗೆ ಸಿಗದ ಒಂದು ಕಲಮೂ ಇದೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಇಳಿಸುವ ದಂಡೆ ಬಿಟ್ಟು ಎದ್ದು ಹೋದವು. ಅವರಲ್ಲಿ ಎಷ್ಟೋ ಜನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಹಡಗಿನ ಬೆಲೆ ಹೇಳುವಾಗ ಇದನ್ನು ಯಾವ ಖಾತೆಗೆ ಬರೆಯಬೇಕು? ಖರ್ಚಿಗೆ ಎಂದು ನನ್ನ ಅಭಿಪ್ರಾಯ. ಹಡಗು ಬೇಕು ಎನ್ನುವವರೇ ಇದನ್ನು ಮೊದಲು ಬರೆಯಬೇಕು. ನಾನೂ ಹಡಗು ಬೇಕು ಎನ್ನುವವಳೇ.

ಬೇಕು ಎನ್ನಲು ಕಾರಣ ಹಳೆಯ ವಿಕ್ರಾಂತ್. ಬ್ರಿಟನ್ನಿನಿಂದ ಕೊಂಡು 1961ರಲ್ಲಿ ಸೇವೆಗೆ ಸೇರಿಸಿದ ಹಡಗು ಅದು. 1971ರ ಯುದ್ಧದ ಹೊತ್ತಿಗೆ ಅದರ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ಬಂಗಾಳ ಕೊಲ್ಲಿಗೆ ಹೋಯಿತು. ಅದರ ಸೀ ಹಾಕ್ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಬಂದರುಗಳ ಮೇಲೆ ದಾಳಿ ಮಾಡಿ ಸಮುದ್ರದ ದಾರಿ ಮುಚ್ಚಿದವು. ಯುದ್ಧ ಎರಡು ವಾರದೊಳಗೆ ಮುಗಿಯಿತು.

ಆ ಹಡಗು 1997ರಲ್ಲಿ ನಿವೃತ್ತಿಯಾಗಿ, ಮುಂಬೈಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, ಕೊನೆಗೆ ಸುಮಾರು 60 ಕೋಟಿಗೆ ಗುಜರಿಗೆ ಹೋಯಿತು. ನಮ್ಮ ಅಬ್ಬಾ ಗುಜರಿ ಅಂಗಡಿಯವರು. ಈ ಸುದ್ದಿ ಹೇಳಿದಾಗ ಅವರು ಮೊದಲು ಕೇಳಿದ್ದು "ತೂಕ ಎಷ್ಟು?", ಎರಡನೆಯದು "ಒಡೆಯೋ ಕೂಲಿ ಎಷ್ಟು?" ಸವಕಳಿಯ ಲೆಕ್ಕ ಮಾಡುವಾಗ ಗುಜರಿ ಬೆಲೆ ಇಷ್ಟು ಎಂದು ನಾವು ಕಣ್ಣು ಮುಚ್ಚಿ ಕಳೆಯುತ್ತೇವೆ. ಒಡೆಯುವ ಕೂಲಿ ನನಗಂತೂ ಹೊಳೆದಿರಲಿಲ್ಲ. ಆ ಹಡಗಿನ ಲೋಹವನ್ನು ಬಳಸಿ ಬಜಾಜ್ ಕಂಪನಿ 2016ರಲ್ಲಿ 'ವಿ' ಎಂಬ ಬೈಕ್ ಮಾಡಿತು ಎಂದಾಗ ಅಬ್ಬಾ ಖುಷಿಯಾದರು. ಗುಜರಿಯನ್ನು ಇಷ್ಟು ಮರ್ಯಾದೆಯಿಂದ ಮಾರಿದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲವಂತೆ.

ಇನ್ನು ನನ್ನ ಮಾತು. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇಲ್ಲದವರು ಎನ್‌ಡಿಎ ಮೂಲಕ ನೌಕಾಪಡೆಗೆ ಹೋಗುವಂತಿಲ್ಲ. ಹಾಗಾಗಿ ಈ ಬಾಗಿಲು ನಮಗಿಲ್ಲ ಎಂದು ಕಾಮರ್ಸ್ ತರಗತಿಯಲ್ಲಿ ಎಲ್ಲರೂ ತಿಳಿದಿದ್ದಾರೆ. ಇನ್ನೊಂದು ಬಾಗಿಲಿದೆ, ಅದರ ಹೆಸರು ಲಾಜಿಸ್ಟಿಕ್ಸ್. ವಿಕ್ರಾಂತ್‌ನಲ್ಲಿ ಸುಮಾರು 1,600 ಜನ ಇರುತ್ತಾರೆ. ಅವರ ಊಟ, ಬಟ್ಟೆ, ಸಂಬಳ, ವಿಮಾನದ ಬಿಡಿಭಾಗ, ಎಲ್ಲಕ್ಕೂ ಲೆಕ್ಕ ಬೇಕು. ಸಮುದ್ರದ ಮಧ್ಯದಲ್ಲಿ ಒಂದು ವಾಷರ್ ಇಲ್ಲ ಎಂದರೆ ಅಂಗಡಿಗೆ ಓಡಲು ಆಗುವುದಿಲ್ಲ. ಈ ಕೆಲಸದ ಅಧಿಕಾರಿಯಾಗಲು ಬಿ.ಕಾಂ.ನಲ್ಲಿ ಪ್ರಥಮ ದರ್ಜೆ, ಜೊತೆಗೆ ಹಣಕಾಸು ಅಥವಾ ಲಾಜಿಸ್ಟಿಕ್ಸ್‌ನಂಥ ವಿಷಯದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಇದ್ದವರೂ ಅರ್ಜಿ ಹಾಕಬಹುದು. ಹುಡುಗಿಯರೂ ಹಾಕಬಹುದು. 2025ರಲ್ಲಿ ಆಸ್ಥಾ ಪೂನಿಯಾ ನೌಕಾಪಡೆಯ ಯುದ್ಧವಿಮಾನ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು. ಅವರು ಹಾರುವ ವಿಮಾನದ ಬಿಡಿಭಾಗದ ಪಟ್ಟಿ ನನ್ನ ಕೈಯಲ್ಲಿರಬಾರದೇ?

ಮನೆಯಲ್ಲಿ ಅಬ್ಬಾ ಸಿ.ಎ. ಎನ್ನುತ್ತಾರೆ. ಅಮ್ಮಿ ಇನ್ನೂ ಏನೂ ಹೇಳಿಲ್ಲ, ಏಕೆಂದರೆ ನಾನು ಇನ್ನೂ ಕೇಳಿಲ್ಲ. ಅಬ್ಬಾಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಸಂಚಿಕೆ ಅಚ್ಚಾಗಿ ಬಂದ ದಿನ ಇದನ್ನು ನಾನೇ ಉರ್ದುವಿನಲ್ಲಿ ಓದಿ ಹೇಳಬೇಕು. ಗುಜರಿಯ ಭಾಗವನ್ನು ಮೊದಲು ಓದಬೇಕೆಂದಿದ್ದೇನೆ.