ಹೊಸ್ತಿಲಲ್ಲಿ ಬಿದ್ದವನು

ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ಕೂರಬಾರದೆಂದು ನಮ್ಮ ತಾಯಿ ಗದರುತ್ತಿದ್ದರು. ಕಾರಣ ಕೇಳಿದರೆ, "ಅದು ಹಿರಣ್ಯಕಶಿಪು ಸತ್ತ ಜಾಗ, ಏಳು ಮೇಲಕ್ಕೆ" ಎನ್ನುತ್ತಿದ್ದರು. ಆ ಮಾತು ಮೊನ್ನೆ ಮತ್ತೆ ನೆನಪಾಯಿತು.

ರಾಜಾಜಿನಗರದ ನಮ್ಮ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತು 1983ರ 'ಭಕ್ತ ಪ್ರಹ್ಲಾದ' ನೋಡುತ್ತಿದ್ದೆವು. ರಾಜಕುಮಾರ್ ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ. ದೈತ್ಯನು ನರಸಿಂಹನ ತೊಡೆಯ ಮೇಲೆ ಒರಗಿದಾಗ ನನ್ನ ಕಣ್ಣು ತೇವಗೊಂಡಿತು. ಎಂಟು ವರ್ಷದ ಮೊಮ್ಮಗ ಅದನ್ನು ಕಂಡುಬಿಟ್ಟ.

"ತಾತ, ಕೆಟ್ಟವನು ಸತ್ತರೆ ಯಾರಾದರೂ ಅಳುತ್ತಾರಾ?"

ಕನ್ನಡಕ ಒರೆಸಿಕೊಂಡು ಅವನಿಗೆ ಹಿಂದಿನ ಕಥೆ ಹೇಳಿದೆ. ಹಿರಣ್ಯಕಶಿಪು ಮೊದಲಿಗೆ ದೈತ್ಯನಲ್ಲ. ವೈಕುಂಠದ ಬಾಗಿಲು ಕಾಯುತ್ತಿದ್ದವನು. ಜಯ ಮತ್ತು ವಿಜಯ ಎಂಬ ಆ ಇಬ್ಬರು ದ್ವಾರಪಾಲಕರು ಒಂದು ದಿನ, ಎಳೆಯ ಬಾಲಕರಂತೆ ಕಾಣುತ್ತಿದ್ದ ಸನಕಾದಿ ಮುನಿಗಳನ್ನು ಬಾಗಿಲಲ್ಲಿ ತಡೆದರು, ಶಾಪಕ್ಕೆ ಗುರಿಯಾದರು. ಭಕ್ತರಾಗಿ ಏಳು ಜನ್ಮವೋ, ವೈರಿಗಳಾಗಿ ಮೂರು ಜನ್ಮವೋ ಎಂದು ಸ್ವಾಮಿ ಕೇಳಿದಾಗ, ಬೇಗನೆ ಹಿಂದಿರುಗುವ ಆಸೆಯಿಂದ ವೈರವನ್ನೇ ಆರಿಸಿಕೊಂಡರೆಂದು ಹಿರಿಯರು ಹೇಳುತ್ತಾರೆ. ಹಿರಣ್ಯಾಕ್ಷ–ಹಿರಣ್ಯಕಶಿಪು, ರಾವಣ–ಕುಂಭಕರ್ಣ, ಶಿಶುಪಾಲ–ದಂತವಕ್ತ್ರ: ಇವು ಆ ಮೂರು ಜನ್ಮಗಳು.

ಒಳಗೂ ಅಲ್ಲ, ಹೊರಗೂ ಅಲ್ಲ. ಹಗಲೂ ಅಲ್ಲ, ಇರುಳೂ ಅಲ್ಲ ಎಂದು ಸಾವಿನ ದಾರಿಗಳನ್ನೆಲ್ಲ ಮುಚ್ಚುವ ವರವನ್ನು ಅವನು ಪಡೆದಿದ್ದ. ಉಳಿದದ್ದು ಮುಸ್ಸಂಜೆ ಮತ್ತು ಹೊಸ್ತಿಲು. ಕಥೆ ಹೇಳುತ್ತಿದ್ದಂತೆಯೇ ನನಗೆ ಹೊಳೆಯಿತು: ಬಾಗಿಲಲ್ಲಿ ಮಕ್ಕಳನ್ನು ತಡೆದು ಬಿದ್ದವನಿಗೆ ಬಿಡುಗಡೆಯಾದದ್ದೂ ಬಾಗಿಲಲ್ಲೇ, ಅದೂ ತನ್ನ ಮಗನ ಕಣ್ಣೆದುರಿಗೇ.

ನನ್ನ ಕಣ್ಣೀರಿನ ನಿಜವಾದ ಕಾರಣವನ್ನು ಮಾತ್ರ ಹುಡುಗನಿಗೆ ಹೇಳಲಿಲ್ಲ. ಅವನ ತಂದೆ ಇಂಜಿನಿಯರಿಂಗ್ ಓದಲಾರೆ, ಚಿತ್ರಕಲೆ ಕಲಿಯುವೆ ಎಂದ ದಿನ ನಾನು ಹೊಸ್ತಿಲಿಗೆ ಅಡ್ಡವಾಗಿ ನಿಂತು, "ಇದನ್ನು ದಾಟಿದರೆ ಮತ್ತೆ ಬರಬೇಡ" ಎಂದಿದ್ದೆ. ಮಗ ನನ್ನ ಹೆಸರನ್ನೇ ಜಪಿಸಬೇಕೆಂಬ ಹಟ ದೈತ್ಯರಿಗೆ ಮಾತ್ರ ಬರುವುದಿಲ್ಲ, ಓದುಗರೇ. ಎರಡು ವರ್ಷ ಅವನು ವಿಜಯನಗರದ ಒಂದು ಬಾಡಿಗೆ ಕೋಣೆಯಲ್ಲಿದ್ದ. ನಾನು ಹೋಗಲಿಲ್ಲ; ಅವನ ಯೋಚನೆಯನ್ನು ಒಂದು ದಿನವೂ ಬಿಡಲಿಲ್ಲ. ವೈರದಲ್ಲಿ ಧ್ಯಾನವಿರುವುದನ್ನು ನಾನು ಪುರಾಣದಿಂದ ಕಲಿತವನಲ್ಲ. ಕಡೆಗೊಂದು ಸಂಜೆ ಅವನ ಬಾಗಿಲು ತಟ್ಟಿದೆ. "ಒಳಗೆ ಬನ್ನಿ, ಅಪ್ಪ" ಎಂದ. ಅಷ್ಟೆ. ಪ್ರಹ್ಲಾದನೂ ನರಸಿಂಹನಲ್ಲಿ ಬೇಡಿದ್ದು ತನಗಾಗಿ ಅಲ್ಲ. ತಂದೆಯ ಪಾಪ ಕಳೆಯಲೆಂದು.

ಮರುದಿನ ಮೊಮ್ಮಗನ ಹಟಕ್ಕೆ ಕಂಠೀರವ ಸ್ಟುಡಿಯೋಗೆ ಹೋದೆವು. ರಾವಣ, ಕಂಸರಂಥ ಪಾತ್ರಗಳಿಗೆ ಹೆಸರಾಗಿದ್ದ ರಂಗನಟ ಪುಟ್ಟಸ್ವಾಮಯ್ಯನವರ ಮಗ ರಾಜಕುಮಾರ್. 1958ರ 'ಭೂಕೈಲಾಸ'ದಲ್ಲಿ ರಾವಣನಾಗಿ, ಮರುವರ್ಷ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರನಾಗಿ ನಟಿಸಿದವರು. 2006ರಲ್ಲಿ ಅವರನ್ನು ಈ ನೆಲದಲ್ಲಿ ಮಣ್ಣು ಮಾಡಿದರು. 2017ರಲ್ಲಿ ಪಾರ್ವತಮ್ಮನವರು, 2021ರಲ್ಲಿ ಪುನೀತ್ ಇಲ್ಲಿಗೇ ಬಂದರು. ಹಿರಣ್ಯಕಶಿಪುವೂ ಪ್ರಹ್ಲಾದನೂ ಒಂದೇ ಅಂಗಳದಲ್ಲಿ ಮಲಗಿದ್ದಾರೆ.

"ಆ ಚಿತ್ರದಲ್ಲಿ ಪ್ರಹ್ಲಾದನಿಗೆ ಹೆಚ್ಚುಕಡಿಮೆ ನಿನ್ನಷ್ಟೇ ವಯಸ್ಸು" ಎಂದೆ. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಗಾದರೆ ಹಿರಣ್ಯಕಶಿಪು ತನ್ನ ಮನೆಗೆ ವಾಪಸು ಹೋದನಾ?" ಎಂದು ಕೇಳಿದ.

"ಹೋದನಪ್ಪ. ಸ್ವಲ್ಪ ತಡವಾಯಿತು."

ನಾವು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಮ್ಮ ದಾರಿ ಕಾಯುತ್ತ ನನ್ನ ಮಗ ಬಾಗಿಲಲ್ಲೇ ನಿಂತಿದ್ದ.

"ಅಪ್ಪಾ, ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಬೇಡ!" ಎಂದು ಹುಡುಗ ಕೂಗಿದ.

ಅವನು ನಕ್ಕು, ಪಕ್ಕಕ್ಕೆ ಸರಿದು, ನಮಗೆ ದಾರಿ ಬಿಟ್ಟ.