ಲಸಿಕಿ ಅಂದ್ರ ಏನ್ರಿ?

2022ರ ಮಳೆಗಾಲ. ಕೋವಿಡ್ ಲಸಿಕೆಯ ಮೂರನೆಯ ಡೋಸ್ ನೀಡುತ್ತಿದ್ದ ದಿನಗಳು. ವೈದ್ಯ ಮಿತ್ರರೊಬ್ಬರು ಇಂಗ್ಲಿಷಿನ ಪ್ರಶ್ನಾವಳಿಯೊಂದನ್ನು ಕೈಗಿತ್ತು, “ಬಾಯ್ನಾದ ನಮ್ಮವರಿಗಾಗಿ ಕನ್ನಡಕ್ಕೆ ತನ್ನಿ” ಎಂದರು. ಲಸಿಕೆಯ ಮಾಹಿತಿ ಜನರಿಗೆ ಎಷ್ಟು ಅರ್ಥವಾಗುತ್ತದೆ, ಅದನ್ನು ಇತರರೊಡನೆ ಚರ್ಚಿಸುತ್ತಾರೆಯೆ, ಸರಿ ತಪ್ಪು ತೂಗಿ ನೋಡುತ್ತಾರೆಯೆ ಎಂದು ಅಳೆಯುವ ಪ್ರಶ್ನೆಗಳವು. ಇಟಲಿಯಲ್ಲಿ ರೂಪುಗೊಂಡ ಈ ಬಗೆಯ ಅಳತೆಗೋಲು ತುರ್ಕಿ ಭಾಷೆಗೂ ಹೋಗಿದೆ. ಕನ್ನಡಕ್ಕೇನು ಕಷ್ಟ ಎಂದುಕೊಂಡೆ.

ಒಂದೇ ಸಂಜೆಯಲ್ಲಿ ಅನುವಾದ ಮುಗಿಯಿತು. ಗೆಳೆಯರೊಬ್ಬರು ಮೂಲವನ್ನು ನೋಡದೆ ಅದನ್ನು ಮರಳಿ ಇಂಗ್ಲಿಷಿಗೆ ತಂದರು. ಎರಡೂ ತಾಳೆಯಾದವು. ನಾವಿಬ್ಬರೂ ಕಾಲೇಜು ಓದಿದವರು, ನಮ್ಮ ಕನ್ನಡ ನಮಗೇ ತಾಳೆಯಾಗಿತ್ತು ಎಂಬುದು ಆಗ ಹೊಳೆಯಲಿಲ್ಲ.

ಬಾಯ್ನಾದಲ್ಲಿ ಮೊದಲು ಸಿಕ್ಕವರು ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲಿಯೇ ಮುಪ್ಪಾದ ತಾಯಿ. ನಾನು ಓದಿದೆ: “ಲಸಿಕೆಯ ಮಾಹಿತಿಯನ್ನು ಓದುವಾಗ ಅಪರಿಚಿತ ಪದಗಳು ಎದುರಾಗುತ್ತವೆಯೆ? ಎಂದೂ ಇಲ್ಲ, ವಿರಳವಾಗಿ, ಕೆಲವೊಮ್ಮೆ, ಆಗಾಗ್ಗೆ.”

“ಲಸಿಕಿ ಅಂದ್ರ ಏನ್ರಿ ಸರ?”

“ಸೂಜಿ” ಎಂದೆ.

“ಹಂಗನ್ರಿ ಮತ್ತ!” ಎಂದು ನಕ್ಕು, ತೋಳಿನ ಹಳೆಯ ಗುರುತು ತೋರಿಸಿದರು. “ಇದು ಸಣ್ಣಾಕಿ ಇದ್ದಾಗ ದೇವಿ ಹಾಕಿದ್ದು. ನನಗ ಓದಾಕ ಬರೂದಿಲ್ರಿ. ಯಾರರ ಓದಿ ಹೇಳಿದ್ರ ತಿಳಿತೈತಿ.”

ಸಿಡುಬಿನ ಲಸಿಕೆಗೆ ಅವರ ನಾಲಗೆಯಲ್ಲಿ ಹೆಸರಿತ್ತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲವಾಯಿತೆಂದು ಸಾರಿದ ಮೇಲೂ ಆ ಮಾತು ಉಳಿದಿತ್ತು. ನಾನು ಸಂಸ್ಕೃತದಿಂದ ಬಂದ ಪದವನ್ನು ಮುಂದಿಟ್ಟು ಅವರ ತಿಳಿವಳಿಕೆಯನ್ನು ಅಳೆಯಹೊರಟಿದ್ದೆ.

ಹಾಳೆಯ ಕೊನೆಯಲ್ಲಿ ವಿಳಾಸದ ಅಂಕಣವಿತ್ತು. ಅವರ ಮುಖ ಬಾಡಿತು. “ಮನಿ ನಂಬರ ಯಾಕ್ರಿ? ಕೆಡವಾಕೇನ್ರಿ?”

2004ರ ಜೂನ್‌ನಲ್ಲಿ ಬಾಯ್ನಾದಲ್ಲಿ ಬುಲ್ಡೋಜರ್ ನುಗ್ಗಿದ್ದನ್ನು, 2015ರಲ್ಲಿ ಕಡಲಂಚಿನ ಮನೆಗಳು ಮತ್ತೆ ಉರುಳಿದ್ದನ್ನು ಇಲ್ಲಿಯ ಕನ್ನಡಿಗರು ಮರೆತಿಲ್ಲ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೆ ಎಂದು ಲೆಕ್ಕಶಾಸ್ತ್ರ ಹೇಳಬಲ್ಲುದು. ಅಂಜಿ ಕೊಟ್ಟ ಉತ್ತರಗಳೂ ಚೆನ್ನಾಗಿಯೇ ಹೊಂದಿಕೊಂಡಾವು.

ವಿಳಾಸದ ಅಂಕಣವನ್ನು ತೆಗೆದೆವು. ಬರಿಯ ‘ಸೂಜಿ’ ಜ್ವರದ ಮದ್ದಿಗೂ ಸಲ್ಲುವುದರಿಂದ ‘ಜಡ್ಡು ಬರದಂತೆ ಹಾಕುವ ಸೂಜಿ’ ಎಂದೆವು. ‘ಓದುವಾಗ’ ಎಂಬಲ್ಲಿ ‘ಓದುವಾಗ ಇಲ್ಲವೆ ಯಾರಾದರೂ ಓದಿ ಹೇಳಿದಾಗ’ ಎಂದಾಯಿತು. ‘ವಿರಳವಾಗಿ’ ಹೋಗಿ ‘ಎಂದಾದರೊಮ್ಮೆ’ ಬಂದಿತು. “ಪ್ರಶ್ನೆ ಬದಲಾದರೆ ಅಳತೆಯೂ ಬದಲಾಗುತ್ತದೆ, ಹಲವರ ಮೇಲೆ ಮೊದಲಿನಿಂದ ಪರೀಕ್ಷಿಸಬೇಕು” ಎಂದರು ವೈದ್ಯರು. ಒಪ್ಪಿದೆ.

ಮರುವಾರ ಹೊಸ ಹಾಳೆಯೊಡನೆ ಹೋದೆ. ಆ ತಾಯಿ ಎಲ್ಲಕ್ಕೂ ಉತ್ತರಿಸಿ, ಮೂರನೆಯ ಸೂಜಿಯನ್ನು ಎಲ್ಲಿ ಹಾಕುತ್ತಾರೆಂದು ಕೇಳಿದರು. ಆ ಪ್ರಶ್ನೆ ನಮ್ಮ ಹಾಳೆಯಲ್ಲಿರಲಿಲ್ಲ. ಕೊಡೆ ಬಿಚ್ಚಿ ಅವರೊಡನೆ ನಡೆದೆ.